ಬ್ಯಾಕ್ಟೀರಿಯಾದ ಬರಹ, ಹತ್ತಿ ಗಿಡದ ಓದು

(ಗುಂಜಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ವಿಜ್ಞಾನದ ಒಂದು ವಿಷಯವನ್ನು ಊರವರ ಮುಂದೆ ಕನ್ನಡದಲ್ಲೇ ಬಿಡಿಸಿ ಹೇಳಬೇಕು ಎಂಬುದು ಈ ದತ್ತಿಯ ಆಶಯ. ಜೀವಕೋಶದೊಳಗೆ ಪ್ರೋಟೀನ್ ತಯಾರಿ ಹೇಗೆ ಶುರುವಾಗುತ್ತದೆ ಎಂಬುದನ್ನು ನಾನು ಆರಿಸಿಕೊಂಡಿದ್ದೇನೆ. ಬಿ.ಎಸ್ಸಿ. ಓದುವವರಿಗೆ ಇದು ಖಾಯಂ ಪ್ರಶ್ನೆ: ಪ್ರೊಕ್ಯಾರಿಯೋಟ್ ಮತ್ತು ಯೂಕ್ಯಾರಿಯೋಟ್‌ಗಳಲ್ಲಿ ಟ್ರಾನ್ಸ್‌ಲೇಶನ್ ಆರಂಭದ ವ್ಯತ್ಯಾಸ ಬರೆಯಿರಿ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಬ್ಯಾಕ್ಟೀರಿಯಾದಂಥ ಪ್ರೊಕ್ಯಾರಿಯೋಟ್‌ಗಳ ನಾಲ್ಕು, ಬಲಕ್ಕೆ ಗಿಡ, ಪ್ರಾಣಿ, ಶಿಲೀಂಧ್ರಗಳಂಥ ಯೂಕ್ಯಾರಿಯೋಟ್‌ಗಳ ನಾಲ್ಕು ಅಂಶ ಬರೆದರೆ ಅಂಕ ಬಿದ್ದಂತೆ. ಆ ಗೆರೆಯ ಮೇಲೆ ನನಗೆ ಮೊದಲಿನಿಂದಲೂ ಮುನಿಸಿದೆ. ಅದರ ಎರಡೂ ಬದಿಯವರು ಒಬ್ಬರ ಮುಖ ಒಬ್ಬರು ನೋಡದವರಂತೆ ಕೂತಿರುತ್ತಾರೆ. ಆದರೆ ಅವರಿಬ್ಬರೂ ನಿಮ್ಮ ಹೊಲದಲ್ಲಿ, ಒಂದೇ ಹತ್ತಿ ಗಿಡದ ಒಂದೇ ಎಲೆಯಲ್ಲಿ, ಒಂದೇ ಜೀವಕೋಶದಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆ. ಹಾಗಾಗಿ ಹತ್ತಿಯಿಂದಲೇ ಮಾತು ಶುರು ಮಾಡುತ್ತೇನೆ.

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಎರೆ ಹೊಲಗಳಲ್ಲಿ ಕಾಯಿಕೊರಕಕ್ಕೆ ವಾರವಾರ ಎಣ್ಣಿ ಹೊಡೆದ ಕಾಲವನ್ನು ಇಲ್ಲಿನ ಹಿರಿಯರು ಮರೆತಿರಲಾರರು. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘದವರು ನಮ್ಮ ಜಿಲ್ಲೆಯಲ್ಲೇ ಪ್ರಯೋಗಕ್ಕೆ ಬೆಳೆದಿದ್ದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟರು. 2002ರ ಮಾರ್ಚ್ 26ರಂದು ಕೇಂದ್ರ ಸರ್ಕಾರದ ಸಮಿತಿ ಮೂರು ಬಿಟಿ ಹೈಬ್ರಿಡ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಏನಾಯಿತು ಎಂಬುದನ್ನು ರಾಯಚೂರಿನ ಗಂಜ್‌ನಲ್ಲಿ ಹತ್ತಿ ಮಾರಿದವರು ನನಗಿಂತ ಚೆನ್ನಾಗಿ ಬಲ್ಲರು. ಬಿಟಿ ಬೇಕಿತ್ತೆ, ಬೇಡವಾಗಿತ್ತೆ ಎಂಬ ಜಗಳ ಇವತ್ತಿನದಲ್ಲ. ಅದಕ್ಕೂ ಮೊದಲಿನ ಒಂದು ಪ್ರಶ್ನೆಯನ್ನು ನಾವು ಯಾರೂ ಅಷ್ಟಾಗಿ ಕೇಳಲಿಲ್ಲ: ಬ್ಯಾಕ್ಟೀರಿಯಾದ ಜೀನ್ ಹತ್ತಿ ಗಿಡದೊಳಗೆ ಕೆಲಸ ಮಾಡುವುದಾದರೂ ಹೇಗೆ?

ಬಿಟಿ ಎಂದರೆ ಬ್ಯಾಸಿಲಸ್ ತುರಿಂಜೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟಾ ಅದನ್ನು ಮೊದಲು ಕಂಡದ್ದು ಸತ್ತ ರೇಷ್ಮೆ ಹುಳುಗಳಲ್ಲಿ. ಜರ್ಮನಿಯ ತುರಿಂಜಿಯಾ ಪ್ರಾಂತದಲ್ಲಿ ಹಿಟ್ಟಿನ ಹುಳುವಿನಲ್ಲಿ ಅದನ್ನೇ ಕಂಡ ಅರ್ನ್‌ಸ್ಟ್ ಬರ್ಲಿನರ್ ಈಗಿನ ಹೆಸರಿಟ್ಟ. ಬೀಜಾಣು ಕಟ್ಟುವ ಹೊತ್ತಿನಲ್ಲಿ ಅದು ತನ್ನೊಳಗೆ ಒಂದು ಪ್ರೋಟೀನನ್ನು ಹರಳಿನಂತೆ ಕೂಡಿಡುತ್ತದೆ. ಹುಳುವಿನ ಕ್ಷಾರಗುಣದ ಕರುಳಿನಲ್ಲಿ ಆ ಹರಳು ಕರಗಿ, ಕರುಳ ಗೋಡೆಗೆ ಅಂಟಿ, ತೂತು ಕೊರೆಯುತ್ತದೆ. ಕ್ರೈ1ಎಸಿ ಎಂದು ಕರೆಯುವ ಈ ಪ್ರೋಟೀನಿನಲ್ಲಿ 1178 ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿವೆ. ಯಾವುದರ ನಂತರ ಯಾವುದು ಎಂಬ ಸೂಚನೆ ಜೀನ್‌ನಲ್ಲಿದೆ. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ. ಈ ಲೆಕ್ಕ ಬ್ಯಾಕ್ಟೀರಿಯಾಕ್ಕೂ ಹತ್ತಿಗೂ ನಮಗೂ ಒಂದೇ.

ಲೆಕ್ಕ ಒಂದೇ ಅಂದಮೇಲೆ ಬ್ಯಾಕ್ಟೀರಿಯಾದ ಜೀನನ್ನು ಇದ್ದಹಾಗೇ ಎತ್ತಿ ಗಿಡಕ್ಕಿಟ್ಟರೆ ಸಾಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. 1980ರ ದಶಕದಲ್ಲಿ ವಿಜ್ಞಾನಿಗಳಿಗೂ ಹಾಗೇ ಅನಿಸಿತು. ತಂಬಾಕು, ಟೊಮೇಟೊ ಗಿಡಗಳಲ್ಲಿ ಇಟ್ಟು ನೋಡಿದರು. ಜೀನ್ ಸೇರಿತು, ಉಳಿಯಿತು, ಪೀಳಿಗೆಗೂ ದಾಟಿತು. ಪ್ರೋಟೀನ್ ಮಾತ್ರ ಹುಳುವಿಗೆ ಲೆಕ್ಕಕ್ಕೆ ಬಾರದಷ್ಟು. ಬರಹವಿತ್ತು, ಓದು ಸಾಗಲಿಲ್ಲ.

ಓದುವ ಯಂತ್ರದ ಹೆಸರು ರೈಬೋಸೋಮ್. ಜೀನ್‌ನ ಪ್ರತಿಯಾದ ಎಂಆರ್‌ಎನ್‌ಎ ಎಂಬ ಎಳೆ ಅದರೊಳಗೆ ಹಾಯುತ್ತದೆ. ಒಂದೊಂದು ಅಮೈನೋ ಆಮ್ಲವನ್ನು ಹೊತ್ತು ತರುವುದು ಟಿಆರ್‌ಎನ್‌ಎ. ಎಲ್ಲಾ ಜೀವಿಗಳಲ್ಲೂ ಪ್ರೋಟೀನ್ ಶುರುವಾಗುವ ಮಾಮೂಲಿ ಸಂಕೇತ ಎ, ಯು, ಜಿ ಎಂಬ ಮೂರು ಅಕ್ಷರಗಳು. ಅವು ಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ಕರೆಯುತ್ತವೆ. ತೊಡಕಿರುವುದು ಇಲ್ಲೇ. ಸಾವಿರಾರು ಅಕ್ಷರಗಳ ಎಳೆಯಲ್ಲಿ ಎಯುಜಿ ಒಂದೇ ಕಡೆ ಇರುವುದಿಲ್ಲ, ಹತ್ತಾರು ಕಡೆ ಬರುತ್ತದೆ. ಶುರುವಿಗೆ ಮೀಸಲಾದದ್ದು ಯಾವುದು? ಒಂದಕ್ಷರ ಆಚೀಚೆಯಾದರೂ ಮೂರು ಮೂರರ ಕಟ್ಟು ಪೂರ್ತಿ ತಪ್ಪಿ, ಮುಂದಿನದೆಲ್ಲಾ ಅರ್ಥವಿಲ್ಲದ ಸಾಲಾಗುತ್ತದೆ. ಮುಂದಿನ ಪೋಣಿಸುವ ಕೆಲಸದಲ್ಲಿ ಬ್ಯಾಕ್ಟೀರಿಯಾ ಮತ್ತು ನಮ್ಮ ನಡುವೆ ಹೆಚ್ಚು ಅಂತರವಿಲ್ಲ. ಮೊದಲ ಎಯುಜಿ ಹುಡುಕುವ ಬಗೆಯಲ್ಲಿ ಮಾತ್ರ ದೊಡ್ಡ ಅಂತರವಿದೆ.

ಹೊರಗಿನವನೊಬ್ಬ ನಮ್ಮೂರಿಗೆ ಬಂದು ಒಂದು ಮನೆ ಹುಡುಕಬೇಕು ಎಂದಿಟ್ಟುಕೊಳ್ಳಿ. ಗುರುತು ಗೊತ್ತಿದ್ದವನು ಯಾವ ಓಣಿಯಿಂದ ಬಂದರೂ ಸರಿ, ಬೇವಿನ ಮರ ಕಂಡೊಡನೆ ಅದರ ಪಕ್ಕದ ಬಾಗಿಲು ತಟ್ಟುತ್ತಾನೆ. ಗುರುತು ಗೊತ್ತಿಲ್ಲದವನು ಅಗಸಿಯಲ್ಲೇ ಒಳಹೊಕ್ಕು, ಒಂದೊಂದೇ ಬಾಗಿಲು ನೋಡುತ್ತಾ ಬರಬೇಕು. ಬ್ಯಾಕ್ಟೀರಿಯಾದ ರೈಬೋಸೋಮ್ ಮೊದಲನೆಯವನು, ಹತ್ತಿಯದೂ ನಮ್ಮದೂ ಎರಡನೆಯವನು.

ಆ ಬೇವಿನ ಮರವನ್ನು 1974ರಲ್ಲಿ ಗುರುತಿಸಿದವರು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದ್ದ ಜಾನ್ ಶೈನ್ ಮತ್ತು ಲಿನ್ ಡಾಲ್ಗಾರ್ನೊ. ಬ್ಯಾಕ್ಟೀರಿಯಾದ ರೈಬೋಸೋಮಿನ ಚಿಕ್ಕ ಭಾಗಕ್ಕೆ 30ಎಸ್ ಎನ್ನುತ್ತಾರೆ. ಅದರಲ್ಲಿ 21 ಪ್ರೋಟೀನುಗಳೂ ಸುಮಾರು 1540 ಅಕ್ಷರದ ಒಂದು ಆರ್‌ಎನ್‌ಎಯೂ ಇವೆ. ಆ ಆರ್‌ಎನ್‌ಎಯ ಬಾಲದಲ್ಲಿ ಸಿಸಿಯುಸಿಸಿ ಎಂಬ ಅಕ್ಷರಗಳಿವೆ. ಸಂದೇಶದ ಎಳೆಯಲ್ಲಿ, ನಿಜವಾದ ಎಯುಜಿಗೆ ಐದರಿಂದ ಒಂಬತ್ತು ಅಕ್ಷರ ಮುಂಚೆ, ಜಿಜಿಎಜಿಜಿಯಂಥ ಒಂದು ತುಣುಕು ಇರುತ್ತದೆ. ಸಿ ಜೊತೆ ಜಿ, ಯು ಜೊತೆ ಎ ಜೋಡಿಯಾಗುವುದರಿಂದ ಬಾಲ ಬಂದು ಅಲ್ಲಿಗೇ ಅಂಟುತ್ತದೆ, ಎಯುಜಿ ತಾನಾಗಿ ಸರಿಯಾದ ಜಾಗಕ್ಕೆ ಬೀಳುತ್ತದೆ. ಎಳೆಯ ತುದಿಯ ಹಂಗು ಇಲ್ಲ. ಹಾಗಾಗಿಯೇ ಬ್ಯಾಕ್ಟೀರಿಯಾದ ಒಂದೇ ಎಳೆಯಲ್ಲಿ ಮೂರು ನಾಲ್ಕು ಜೀನುಗಳು ಸಾಲಾಗಿದ್ದರೂ ಪ್ರತಿಯೊಂದರ ಮುಂದೆ ಬೇರೆಬೇರೆ ಓದು ಶುರುವಾಗಬಲ್ಲದು. ಕೋಶಕೇಂದ್ರವೆಂಬ ಗೋಡೆಯೂ ಇಲ್ಲದ್ದರಿಂದ ಎಳೆ ಇನ್ನೂ ಪೂರ್ತಿ ತಯಾರಾಗುವ ಮೊದಲೇ ರೈಬೋಸೋಮುಗಳು ಹತ್ತಿ ಕೂತಿರುತ್ತವೆ. 1970ರಲ್ಲಿ ಆಸ್ಕರ್ ಮಿಲ್ಲರ್ ಮತ್ತು ಸಂಗಡಿಗರು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲೇ ತೋರಿಸಿದರು.

ಇನ್ನೊಂದು ಸೂಕ್ಷ್ಮವಿದೆ. ಮೆಥಿಯೋನಿನ್ ತರುವ ಟಿಆರ್‌ಎನ್‌ಎ ಎರಡು ಬಗೆ: ಒಂದು ಶುರುವಿನದು, ಇನ್ನೊಂದು ನಡುವಿನದು. ಶುರುವಿನದು ತರುವ ಮೆಥಿಯೋನಿನ್‌ಗೆ ಬ್ಯಾಕ್ಟೀರಿಯಾ ಫಾರ್ಮೈಲ್ ಎಂಬ ಚಿಕ್ಕ ಗುಂಪನ್ನು ಅಂಟಿಸಿ ಕಳಿಸುತ್ತದೆ. 1964ರಲ್ಲಿ ಮಾರ್ಕರ್ ಮತ್ತು ಸ್ಯಾಂಗರ್ ಇದನ್ನು ಕಂಡರು. (ಗಾಯ ಕೀವಾದಾಗ ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಇರುವ ಕಡೆಗೆ ಓಡುವುದು ಬಹುಮಟ್ಟಿಗೆ ಈ ಫಾರ್ಮೈಲ್ ಮೆಥಿಯೋನಿನ್ನಿನ ಜಾಡು ಹಿಡಿದೇ. ಶುರು ಮಾಡುವ ರೀತಿಯೇ ಬ್ಯಾಕ್ಟೀರಿಯಾವನ್ನು ಹಿಡಿದುಕೊಡುತ್ತದೆ.) ಮೊದಲ ಜಾಗದಲ್ಲಿ ಶುರುವಿನ ಟಿಆರ್‌ಎನ್‌ಎಯೇ ಕೂರುವಂತೆ ನೋಡಿಕೊಳ್ಳಲು ಐಎಫ್1, ಐಎಫ್2, ಐಎಫ್3 ಎಂಬ ಮೂರು ಸಹಾಯಕ ಪ್ರೋಟೀನುಗಳಿವೆ. ಇಡೀ ಪಡೆ ಇಷ್ಟೇ.

ಈ ಆಯ್ಕೆ ಹೇಗೆ ನಡೆಯುತ್ತದೆ ಎಂಬುದರ ಮೇಲೆ ಒಳ್ಳೆಯ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ಣೇಯ ಅವರು ಮೊದಲು ಅಮೆರಿಕದ ಎಂಐಟಿಯಲ್ಲಿ ನೇಪಾಳ ಮೂಲದ ಉತ್ತಮ್ ರಾಜ್‌ಭಂಡಾರಿಯವರ ಜೊತೆಗಿದ್ದರು. ರಾಜ್‌ಭಂಡಾರಿ ಹರಗೋಬಿಂದ ಖೊರಾನಾ ಅವರ ಬಳಗದವರು. ಶುರುವಿನ ಟಿಆರ್‌ಎನ್‌ಎಯ ಕಾಂಡದಲ್ಲಿ ಸಾಲಾಗಿ ಮೂರು ಜಿ-ಸಿ ಜೋಡಿಗಳಿವೆ, ಉಳಿದವಕ್ಕೆ ಈ ಗುರುತಿಲ್ಲ. ರೈಬೋಸೋಮ್ ಅದನ್ನು ಹೇಗೆ ತಡವಿ ನೋಡುತ್ತದೆ, ಗುರುತು ಕೆಡಿಸಿದರೆ ಏನಾಗುತ್ತದೆ ಎಂದು ವಾರ್ಷ್ಣೇಯರ ಪ್ರಯೋಗಾಲಯ ವರ್ಷಗಟ್ಟಲೆ ಬಿಡಿಸುತ್ತಾ ಬಂತು. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಶುರುವಿನ ಟಿಆರ್‌ಎನ್‌ಎಗೆ ನಾಲ್ಕು ಜೀನುಗಳಿವೆ, ಮೂರು ಒಂದೆಡೆ, ಒಂದು ಬೇರೆಡೆ. ಒಂದೇ ಕೆಲಸಕ್ಕೆ ನಾಲ್ಕು ಯಾಕೆ? ಅವುಗಳ ಸಂಖ್ಯೆ ಕಡಿಮೆ ಮಾಡಿದರೆ ಗುರುತಿಲ್ಲದ ಬೇರೆ ಟಿಆರ್‌ಎನ್‌ಎಗಳು ಮೊದಲ ಜಾಗಕ್ಕೆ ನುಸುಳುತ್ತವೆ ಎಂದು ಅವರು ತೋರಿಸಿದರು. ಆಯ್ಕೆಯ ಶುದ್ಧಿ ಗುರುತಿನ ಮೇಲಷ್ಟೇ ನಿಂತಿಲ್ಲ, ಜನಬಲದ ಮೇಲೂ ನಿಂತಿದೆ. ಪಠ್ಯಪುಸ್ತಕದ ಎಡಗಡೆಯ ಕಾಲಂನಲ್ಲಿ ಈ ಮಾತಿಗೆ ಜಾಗವಿಲ್ಲ.

ಶುರುವನ್ನೇ ತಡೆಯುವ ಔಷಧಿಯೂ ನಿಮಗೆ ಗೊತ್ತಿದೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಭತ್ತ ಬೆಳೆಯುವವರಿಗೆ ಕಾಸುಗಾಮೈಸಿನ್ ಹೊಸ ಹೆಸರಲ್ಲ, ಬೆಂಕಿ ರೋಗಕ್ಕೆ ಹೊಡೆಯುತ್ತಾರೆ. ಜಪಾನಿನ ನಾರಾ ನಗರದ ಕಾಸುಗಾ ದೇಗುಲದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ 1965ರಲ್ಲಿ ಉಮೆಜಾವಾ ತಂಡ ತೆಗೆದ ವಸ್ತು ಅದು. ರೈಬೋಸೋಮಿನ ಚಿಕ್ಕ ಭಾಗದಲ್ಲಿ ಎಳೆ ಹಾಯುವ ದಾರಿಯಲ್ಲಿ ಕೂತು ಶುರುವಿನ ಟಿಆರ್‌ಎನ್‌ಎಗೆ ಎಡೆ ಕೊಡುವುದಿಲ್ಲ. ಆದರೆ ಬೆಂಕಿ ರೋಗ ತರುವುದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. ಅಂದರೆ ಗೆರೆಯ ಬಲಗಡೆಯ ಜೀವಿ. ಬ್ಯಾಕ್ಟೀರಿಯಾದ ರೈಬೋಸೋಮನ್ನು ಕಟ್ಟಿಹಾಕುವ ವಸ್ತುವಿಗೆ ಆ ಶಿಲೀಂಧ್ರದ ರೈಬೋಸೋಮೂ ಬಗ್ಗುತ್ತದೆ. ನನ್ನ ಮುನಿಸಿಗೆ ಇದೂ ಒಂದು ಕಾರಣ.

ಈಗ ಅಗಸಿಯ ಕಡೆ ಬರೋಣ. ಹತ್ತಿ, ಕೋಳಿ, ಮನುಷ್ಯ, ಎಲ್ಲರ ಜೀವಕೋಶದಲ್ಲೂ ಎಳೆ ತಯಾರಾಗುವುದು ಕೋಶಕೇಂದ್ರದೊಳಗೆ. ಹೊರಗೆ ಬರುವ ಮೊದಲೇ ಅದರ ತಲೆಗೆ ಮೀಥೈಲ್ ಸೇರಿದ ಜಿ ಅಕ್ಷರವೊಂದು ತಿರುಗುಮುರುಗಾಗಿ ಅಂಟಿಕೊಳ್ಳುತ್ತದೆ. ಇದನ್ನು ಟೊಪ್ಪಿಗೆ ಎನ್ನುತ್ತಾರೆ. 1970ರ ದಶಕದ ನಡುವಿನಲ್ಲಿ ಆರನ್ ಶಾಟ್ಕಿನ್ ಮೊದಲಾದವರು ಇದರ ಕೆಲಸ ಕಂಡುಕೊಂಡರು. ಇಐಎಫ್4ಇ ಎಂಬ ಪ್ರೋಟೀನ್ ಟೊಪ್ಪಿಗೆಯನ್ನು ಹಿಡಿಯುತ್ತದೆ, ಇಐಎಫ್4ಜಿ ಅದರ ಬೆನ್ನಿಗೆ ನಿಲ್ಲುತ್ತದೆ, ಇಐಎಫ್4ಎ ಎಳೆಯ ಸಿಕ್ಕುಗಳನ್ನು ಬಿಡಿಸುತ್ತದೆ. ರೈಬೋಸೋಮಿನ ಚಿಕ್ಕ ಭಾಗ, ಅಂದರೆ 40ಎಸ್, ಶುರುವಿನ ಟಿಆರ್‌ಎನ್‌ಎಯನ್ನು ಮೊದಲೇ ಹೊತ್ತುಕೊಂಡು ಅಲ್ಲಿಗೆ ಬಂದು ಕೂತು, ಎಯುಜಿ ಸಿಗುವ ತನಕ ಎಳೆಯ ಮೇಲೆ ಜಾರುತ್ತಾ ಹೋಗುತ್ತದೆ. ಬ್ಯಾಕ್ಟೀರಿಯಾಕ್ಕೆ ಮೂರು ಸಹಾಯಕರು ಸಾಕಾದರೆ ಇಲ್ಲಿ ಹನ್ನೆರಡಕ್ಕೂ ಹೆಚ್ಚು ಬೇಕು. ಫಾರ್ಮೈಲ್ ಇಲ್ಲ, ಬರೀ ಮೆಥಿಯೋನಿನ್.

ಜಾರುತ್ತಾ ಹುಡುಕುತ್ತದೆ ಎಂದು 1978ರಲ್ಲಿ ಮೊದಲು ವಾದ ಹೂಡಿದವರು ಮರಿಲಿನ್ ಕೊಜಾಕ್. 1987ರಲ್ಲಿ ಅವರು ಬೆನ್ನೆಲುಬಿರುವ ಪ್ರಾಣಿಗಳ 699 ಎಂಆರ್‌ಎನ್‌ಎಗಳನ್ನು ಸಾಲಾಗಿಟ್ಟು ನೋಡಿ, ಎಯುಜಿಯ ಆಚೀಚಿನ ಅಕ್ಷರಗಳೂ ಮುಖ್ಯ ಎಂದು ತೋರಿಸಿದರು: ಮೂರಕ್ಷರ ಮುಂಚೆ ಎ ಅಥವಾ ಜಿ, ಎಯುಜಿ ಮುಗಿದೊಡನೆ ಜಿ. ಇವು ಇದ್ದರೆ ರೈಬೋಸೋಮ್ ನಿಲ್ಲುತ್ತದೆ, ಇಲ್ಲದಿದ್ದರೆ ಅದೇ ಎಯುಜಿಯನ್ನು ದಾಟಿಕೊಂಡು ಹೋಗಿಬಿಡಬಹುದು. ಗಿಡಗಳಲ್ಲಿ ಈ ನೆರೆಹೊರೆ ತುಸು ಬೇರೆ. ಎಯುಜಿಯ ಮುಂಚಿನ ಜಾಗದಲ್ಲಿ ಎ ಅಕ್ಷರಗಳೇ ಹೆಚ್ಚು. ಬ್ಯಾಕ್ಟೀರಿಯಾದ ಜಿಜಿಎಜಿಜಿ ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟು ಸುತ್ತಿನ ದಾರಿ ಯಾಕೆ ಎಂದು ಕೇಳಬಹುದು. ಒಂದು ಲಾಭವನ್ನು ನಮ್ಮ ಶಾಲಾ ಮಕ್ಕಳ ಮೂಲಕ ಹೇಳುತ್ತೇನೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ ನೀವು ನೋಡಿದ್ದೀರಿ. ಕೆಂಪು ರಕ್ತಕಣವಾಗಲಿರುವ ಜೀವಕೋಶದ ಮುಖ್ಯ ಕೆಲಸ ಗ್ಲೋಬಿನ್ ಪ್ರೋಟೀನ್ ಮಾಡುವುದು. ಗ್ಲೋಬಿನ್ ಜೊತೆ ಕಬ್ಬಿಣವಿರುವ ಹೀಮ್ ಕೂಡಿದರೆ ಹಿಮೋಗ್ಲೋಬಿನ್. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಹೀಮ್ ಕಡಿಮೆಯಾಗುತ್ತದೆ. ಗ್ಲೋಬಿನ್ ಮಾತ್ರ ರಾಶಿ ಬಿದ್ದರೆ ಜೀವಕೋಶಕ್ಕೆ ಅದೇ ಕೇಡು. ಇದನ್ನು ಕಾಯಲು ಎಚ್‌ಆರ್‌ಐ ಎಂಬ ಒಂದು ಕಿಣ್ವವಿದೆ. ಹೀಮ್ ಸಾಕಷ್ಟಿದ್ದರೆ ಅದು ಸುಮ್ಮನಿರುತ್ತದೆ. ಹೀಮ್ ಇಳಿದೊಡನೆ ಎದ್ದು, ಶುರುವಿನ ಟಿಆರ್‌ಎನ್‌ಎಯನ್ನು ಹೊರುವ ಇಐಎಫ್2 ಎಂಬ ಸಹಾಯಕನಿಗೆ ಫಾಸ್ಫೇಟ್ ಅಂಟಿಸಿಬಿಡುತ್ತದೆ. ಇಐಎಫ್2 ಮರಳಿ ಸಜ್ಜಾಗಲಾರದು, ಗ್ಲೋಬಿನ್ ತಯಾರಿ ಶುರುವಿನಲ್ಲೇ ನಿಲ್ಲುತ್ತದೆ. ರಕ್ತಹೀನತೆಯ ಮಗುವಿನ ರಕ್ತಕಣ ಚಿಕ್ಕದಾಗಿ, ಬಿಳಚಿಕೊಂಡಿರುವುದರ ಹಿಂದೆ ಈ ತಡೆಯೂ ಇದೆ. ಬರೀ ಕಚ್ಚಾವಸ್ತುವಿನ ಕೊರತೆಯಲ್ಲ ಅದು, ಕೊರತೆ ಕಂಡು ಜೀವಕೋಶ ತಾನಾಗಿ ಹಾಕಿಕೊಂಡ ಬೀಗ. ಸಹಾಯಕರು ಹೆಚ್ಚಿದ್ದಷ್ಟೂ ಬೀಗ ಹಾಕುವ ಜಾಗಗಳು ಹೆಚ್ಚು.

ಬೀಗವಿದ್ದಲ್ಲಿ ಕಳ್ಳನೂ ಇರುತ್ತಾನೆ. ಪೋಲಿಯೊ ವೈರಸ್ಸಿನ ಎಳೆಗೆ ಟೊಪ್ಪಿಗೆಯೇ ಇಲ್ಲ. ಅದರ ನಿಜವಾದ ಎಯುಜಿಗೆ ಮುಂಚೆ 740ಕ್ಕೂ ಹೆಚ್ಚು ಅಕ್ಷರಗಳಿವೆ. ನಡುವೆ ಸುಳ್ಳು ಎಯುಜಿಗಳೂ ಹಲವು. ಆದರೂ ನಮ್ಮ ರೈಬೋಸೋಮ್ ಅದನ್ನು ಓದುತ್ತದೆ. 1988ರಲ್ಲಿ ಇದರ ಗುಟ್ಟು ಬಯಲಾಯಿತು: ಎಳೆಯ ಆ ಭಾಗ ಮಡಚಿಕೊಂಡು ಒಂದು ಆಕಾರ ತಾಳಿ, ರೈಬೋಸೋಮನ್ನು ನಡುವಿಗೇ ಕರೆತರುತ್ತದೆ. ಜೊತೆಗೆ ವೈರಸ್ಸಿನ ಒಂದು ಕಿಣ್ವ ನಮ್ಮ ಇಐಎಫ್4ಜಿಯನ್ನು ತುಂಡರಿಸಿ, ಟೊಪ್ಪಿಗೆಯುಳ್ಳ ನಮ್ಮ ಎಳೆಗಳಿಗೆ ಅಗಸಿ ಮುಚ್ಚಿಬಿಡುತ್ತದೆ. ಹೆಪಟೈಟಿಸ್ ಸಿ ವೈರಸ್ ಇನ್ನೂ ಒಂದು ಹೆಜ್ಜೆ ಮುಂದೆ: ಅದರ ಎಳೆ ನೇರವಾಗಿ 40ಎಸ್ ಭಾಗಕ್ಕೇ ಅಂಟುತ್ತದೆ, ಬ್ಯಾಕ್ಟೀರಿಯಾದಲ್ಲಿ ಆಗುವುದಕ್ಕೆ ಹತ್ತಿರದ ರೀತಿಯಲ್ಲಿ. ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಅವರ ತಂಡ ಈ ಬಾಗಿಲನ್ನೇ ಬಹುಕಾಲ ಅಧ್ಯಯನ ಮಾಡಿದೆ. ಅದೇ ತಂಡ ನಮ್ಮ ಬದುಗಳಲ್ಲಿ ಬೆಳೆಯುವ ನೆಲನೆಲ್ಲಿಯ ಸಾರ ಪ್ರಯೋಗಾಲಯದಲ್ಲಿ ಈ ವೈರಸ್ಸಿನ ಹೆಚ್ಚಳವನ್ನು ತಗ್ಗಿಸುವುದನ್ನು 2011ರಲ್ಲಿ ವರದಿ ಮಾಡಿತು. ಪ್ರಯೋಗಾಲಯದಲ್ಲಿ ಎಂದದ್ದನ್ನು ದಯವಿಟ್ಟು ಗಮನಿಸಿ. ನಾಳೆ ಯಾರೂ ಕಷಾಯ ಕಾಸಲು ಕೂರಬೇಡಿ.

ಮರಳಿ ಹೊಲಕ್ಕೆ. ಇದ್ದಹಾಗೆ ಇಟ್ಟ ಬಿಟಿ ಜೀನ್ ಗಿಡದಲ್ಲಿ ಸೊರಗಿತಲ್ಲ, ಅದನ್ನು ಸರಿಪಡಿಸಿದ್ದು ಮಾನ್ಸಾಂಟೊ ಕಂಪನಿಯ ಫ್ರೆಡರಿಕ್ ಪರ್ಲಾಕ್ ತಂಡ. 1991ರ ಅವರ ಲೇಖನದ ಲೆಕ್ಕ ಹೀಗಿದೆ: ಜೀನ್‌ನ ಶೇ. 3ರಷ್ಟು ಅಕ್ಷರ ಬದಲಿಸಿದಾಗ ಪ್ರೋಟೀನ್ ಹತ್ತು ಪಟ್ಟು ಹೆಚ್ಚಿತು, ಶೇ. 21ರಷ್ಟು ಬದಲಿಸಿದಾಗ ನೂರು ಪಟ್ಟಿನ ತನಕ. ಪ್ರೋಟೀನ್ ಅದೇ, ಬರೆದ ರೀತಿ ಬೇರೆ. ಶುರುವಿನ ಜಾಗವೊಂದೇ ತೊಡಕಾಗಿತ್ತು ಎಂದರೆ ಉತ್ಪ್ರೇಕ್ಷೆಯಾದೀತು. ಬ್ಯಾಸಿಲಸ್ ಜೀನ್‌ನ ಒಡಲಲ್ಲಿ ಎ ಮತ್ತು ಟಿ ಅಕ್ಷರಗಳು ಒತ್ತೊತ್ತಾಗಿವೆ. ಅವುಗಳಲ್ಲಿ ಕೆಲವನ್ನು ಗಿಡ ಎಳೆಯ ಕೊನೆಯ ಗುರುತೆಂದೇ ತಿಳಿದು ನಡುವೆಯೇ ಕತ್ತರಿಸುತ್ತಿತ್ತು. ಒಡಲನ್ನು ಹೀಗೆ ತಿದ್ದಿದರು. ತಲೆಯ ಭಾಗವನ್ನಂತೂ ಗಿಡದ ರೈಬೋಸೋಮಿಗೆ ಒಗ್ಗುವಂತೆ ಬೇರೆಯೇ ಕಟ್ಟಬೇಕಿತ್ತು. ಹೀಗೆ ತಿದ್ದಿದ ಜೀನ್ ಕೋಕರ್ 312 ಎಂಬ ಅಮೆರಿಕದ ಹತ್ತಿ ತಳಿಗೆ ಸೇರಿ, ಅಲ್ಲಿಂದ ಸಂಕರಣದ ಮೂಲಕ ನಮ್ಮ ಹೈಬ್ರಿಡ್‌ಗಳಿಗೆ ಬಂತು.

ತಿದ್ದದೆಯೇ ಗೆಲ್ಲುವ ಇನ್ನೊಂದು ದಾರಿ ಇದ್ದದ್ದು ಎಲೆಯ ಹಸಿರಿನಲ್ಲಿ. ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳು ಬಹು ಹಿಂದೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾದ ಸಂತತಿ. ಅವುಗಳಿಗೆ ಸ್ವಂತ ಜೀನುಗಳಿವೆ, ಬ್ಯಾಕ್ಟೀರಿಯಾ ಮಾದರಿಯ ರೈಬೋಸೋಮುಗಳಿವೆ. ಪ್ರೋಟೀನ್ ಶುರುವಾಗುವುದೂ ಫಾರ್ಮೈಲ್ ಮೆಥಿಯೋನಿನ್‌ನಿಂದ. ಒಂದೇ ಜೀವಕೋಶದಲ್ಲಿ ಇಬ್ಬರೂ ಇದ್ದಾರೆ ಎಂದು ಆಗ ಹೇಳಿದ್ದು ಇದನ್ನೇ. 1995ರಲ್ಲಿ ಮೆಕ್‌ಬ್ರೈಡ್ ತಂಡ ಒಂದಕ್ಷರವೂ ತಿದ್ದದ ಬ್ಯಾಸಿಲಸ್ ಜೀನನ್ನು ತಂಬಾಕಿನ ಕ್ಲೋರೋಪ್ಲಾಸ್ಟಿಗೆ ಸೇರಿಸಿತು. ಎಲೆಯ ಕರಗುವ ಪ್ರೋಟೀನಿನ ಶೇ. 3ರಿಂದ 5ರಷ್ಟು ಬಿಟಿ ಪ್ರೋಟೀನೇ ಆಯಿತು. 2001ರಲ್ಲಿ ತಮಿಳುನಾಡು ಮೂಲದ ಹೆನ್ರಿ ಡೇನಿಯಲ್ ಅವರ ತಂಡ ಮೂರು ಜೀನುಗಳು ಸಾಲಾಗಿದ್ದ ಬ್ಯಾಕ್ಟೀರಿಯಾದ ಇಡೀ ಕಟ್ಟನ್ನೇ ಇಟ್ಟಾಗ ಅದು ಶೇ. 46ಕ್ಕೆ ಏರಿತು. ಗಿಡದ ಒಂದು ಕೋಣೆಯಲ್ಲಿ ಸೊರಗಿದ ಬರಹ ಪಕ್ಕದ ಕೋಣೆಯಲ್ಲಿ ಸಲೀಸಾಗಿ ಓದಿಸಿಕೊಂಡಿತು. ನನ್ನ ಇಡೀ ಉಪನ್ಯಾಸದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಇಲ್ಲ.

ಹಾಗಿದ್ದರೆ ಆ ದಾರಿಯ ಹತ್ತಿ ಬೀಜ ಅಂಗಡಿಗೆ ಯಾಕೆ ಬರಲಿಲ್ಲ? ಹತ್ತಿಯ ಕ್ಲೋರೋಪ್ಲಾಸ್ಟಿಗೆ ಜೀನ್ ಸೇರಿಸುವುದೇ ಕಷ್ಟ; ಡೇನಿಯಲ್ ತಂಡ ಅದನ್ನು ಸಾಧಿಸಿ ವರದಿ ಮಾಡಿದ್ದು 2004ರಲ್ಲಿ. ಅದಕ್ಕಿಂತ ದೊಡ್ಡ ತೊಡಕು ಹುಳುವಿನ ಊಟದ ಜಾಗ. ಗುಲಾಬಿ ಕಾಯಿಕೊರಕ ಎಲೆ ತಿನ್ನುವುದಿಲ್ಲ, ಕಾಯಿಯೊಳಗೆ ಹೊಕ್ಕು ಬೀಜ ತಿನ್ನುತ್ತದೆ. ಎಲೆಯ ಹಸಿರಿನಷ್ಟು ಚುರುಕಾದ ತಯಾರಿ ಬೀಜದಲ್ಲಿ ನಡೆಯುವುದಿಲ್ಲ.

ಆದ್ದರಿಂದ ಅಗಸಿಯ ದಾರಿಯೇ ಉಳಿಯಿತು. 2006ರಲ್ಲಿ ಬಂದ, ಎರಡು ಬಿಟಿ ಜೀನುಗಳಿರುವ ಬೋಲ್‌ಗಾರ್ಡ್-2 ಹತ್ತಿಯ ಎರಡನೆಯ ಜೀನ್ ಕ್ರೈ2ಎಬಿಯ ಕಟ್ಟೋಣ ನೋಡಿ. ರೈಬೋಸೋಮ್ ಜಾರುತ್ತಾ ಬರುವ ಮುಂಭಾಗ ಪೆಟೂನಿಯಾ ಹೂಗಿಡದ ಒಂದು ಜೀನ್‌ನಿಂದ ತಂದದ್ದು. ಓದು ಶುರುವಾಗುವ ಎಯುಜಿ ಇರುವುದು ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಿಂದ ತಂದ ತುಣುಕಿನಲ್ಲಿ. ಅದಾದ ಮೇಲೆ ಬ್ಯಾಸಿಲಸ್. ಅರಬಿಡಾಪ್ಸಿಸ್ಸಿನ ತುಣುಕು ತಯಾರಾದ ಪ್ರೋಟೀನನ್ನು ಕ್ಲೋರೋಪ್ಲಾಸ್ಟಿನೊಳಕ್ಕೆ ಕಳಿಸುವ ವಿಳಾಸಚೀಟಿಯೂ ಹೌದು. ಬ್ಯಾಕ್ಟೀರಿಯಾದ ಪ್ರೋಟೀನ್ ಗಿಡದ ರೀತಿಯಲ್ಲಿ ಶುರುವಾಗಿ, ಬ್ಯಾಕ್ಟೀರಿಯಾದ ಸಂತತಿಯ ಮನೆ ಸೇರುತ್ತದೆ.

ಕೊನೆಯದಾಗಿ, ಈ ಭಾಗದಲ್ಲಿ ಕೇಳಿಬರುವ ಒಂದು ದೂರಿನ ಬಗ್ಗೆ. ಕಾಯಿ ಒಡೆದು ನೋಡಿದಾಗ ಗುಲಾಬಿ ಹುಳು ಕಂಡರೆ, ಬೀಜದಲ್ಲಿ ಬಿಟಿಯೇ ಇಲ್ಲ, ಕಂಪನಿಯವರು ಮೋಸ ಮಾಡಿದರು ಎನ್ನುತ್ತೇವೆ. ನಕಲಿ ಬೀಜ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅಸಲಿ ಬೀಜದಲ್ಲೂ ಈಗ ಹುಳು ಬದುಕುತ್ತದೆ. ಮೊದಲ ಬಿಟಿ ಪ್ರೋಟೀನಿಗೆ ಗುಲಾಬಿ ಕಾಯಿಕೊರಕ ಬಗ್ಗದಿರುವುದನ್ನು ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಕಂಡೆವೆಂದು ಮಾನ್ಸಾಂಟೊ ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು. ಮುಂದೆ ಬೋಲ್‌ಗಾರ್ಡ್-2ರ ಕಥೆಯೂ ಅದೇ ಆಯಿತು. ಬದಲಾಗಿರುವುದು ಹುಳುವಿನ ಕರುಳು, ಗಿಡದ ರೈಬೋಸೋಮ್ ಅಲ್ಲ. ಬೀಜವೇ ನಕಲಿಯೋ, ಹುಳುವೇ ಬಗ್ಗದಂತಾಗಿದೆಯೋ ಎಂದು ತಿಳಿಯಲು ಎಲೆಯ ಚೂರನ್ನು ಅರೆದು ಪಟ್ಟಿ ಅದ್ದಿ ನೋಡುವ ಕಿಟ್‌ಗಳಿವೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಅಂಥವನ್ನು ರೂಪಿಸಿದೆ. ಪಟ್ಟಿಯಲ್ಲಿ ಗೆರೆ ಮೂಡಿದರೆ ಆ ಗಿಡದಲ್ಲಿ ಓದು ಸರಿಯಾಗಿಯೇ ಶುರುವಾಗಿದೆ ಎಂದರ್ಥ. ಆಗ ಬೀಜದಂಗಡಿಯವನ ಜೊತೆ ಜಗಳ ತೆಗೆಯುವುದರ ಬದಲು ಮೋಹಕ ಬಲೆ ಕಟ್ಟುವ, ಬೆಳೆ ಮುಗಿದೊಡನೆ ಹತ್ತಿ ಕಟ್ಟಿಗೆಯನ್ನು ಹೊಲದಲ್ಲಿ ಉಳಿಸದಿರುವ ಮಾತಾಡಬೇಕಾಗುತ್ತದೆ. ಅದಕ್ಕೆ ನನಗಿಂತ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರನ್ನು ಕೇಳುವುದು ಮೇಲು.